ಹೊಸ ಮದ್ದು

ಹಾರಿಸಿ ಖಾಲಿಯಾದ ಕಾಡತೂಸಿಗೆ ಮತ್ತೆ ಮದ್ದು ತುಂಬಲು ಚಮಚ ಎತ್ತಿದ್ದ ಬೀರಸಿದ್ದಪ್ಪನ ಕೈ ಹೆಂಡತಿಯ ಮಾತಿಗೆ ಅಲ್ಲೇ ನಿಂತಿತು. "ನಾಳಿ ನೀವು ಗೋಕಾಕಕ್ಕ ಹೋದ್ರ, ತೋಳ ಬಂದಾಗ ಪಿಸ್ತೂಲು ನಾನಽ ಹಾರಸಬೇಕಲ್ರಿ" ಎಂದಿದ್ದಳು ಸತ್ತೆವ್ವ.

ಅವನ ಮುಂದೆ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ಸಿಪಾಯಿಯಾಗಿದ್ದ ಅಪ್ಪ ಬಳಸುತ್ತಿದ್ದಂಥ ಕರಿಮದ್ದು. ಹೊಗೆ ಬಹಳ, ಹೊಡೆತ ಕಡಿಮೆ. ಇನ್ನೊಂದರಲ್ಲಿ ಸಾಹೇಬರ ಬಂದೂಕುಗಳಿಗೆಂದು ಬರುತ್ತಿದ್ದ ಹೊಗೆಯಿಲ್ಲದ ಹೊಸ ಮದ್ದು. ಅದರ ಬಿರುಸಿಗೆ ಅಪ್ಪನ ಹಳೆಯ ಪಿಸ್ತೂಲು ಕೈಯಲ್ಲೇ ಒಡೆದೀತೆಂದು ಮಾರಿದವನೇ ಎಚ್ಚರಿಸಿದ್ದ. ಕುರಿಗಳು ತೋಳದ ಬಾಯಿಗೆ ಹೋದ ಸಿಟ್ಟಿನಲ್ಲಿ ಬೀರಸಿದ್ದಪ್ಪ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಈಗ ಚಮಚದಲ್ಲಿದ್ದ ಹೊಸ ಮದ್ದನ್ನು ಡಬ್ಬಿಗೇ ವಾಪಸು ಸುರಿದ. "ನಿನ್ನ ಕೈಗೆ ಇದು ಬ್ಯಾಡ. ಪಿಸ್ತೂಲು ಒಡದ್ರ ಬೆರಳು ಹೋಗ್ತಾವ."

"ಮತ್ತ ನಿಮ್ಮ ಕೈಗೆ?"

"ನಂದೇನು, ನಡೀತೈತಿ."

ಸತ್ತೆವ್ವ ಅವನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದು ಹೊಸ ಮದ್ದಿನ ಡಬ್ಬಿಗೆ ಒಂದು ತಂಬಿಗೆ ನೀರು ಸುರಿದಳು. ಬೀರಸಿದ್ದಪ್ಪ ಅವಳನ್ನು ತಡೆಯಲಿಲ್ಲ. ಕರಿಮದ್ದಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮುಚ್ಚಳ ತೆಗೆದ.