ಕೈಹೊಲಿಗೆಯ ಪಾರ್ಸೆಲ್

"ಅಂಚೆಚೀಟಿ ಹನ್ನೆರಡು ಡಾಲರಿಂದು, ಮಾರಿದವರು ನನ್ನ ಹತ್ರ ಕಿತ್ಕೊಂಡಿದ್ದು ಮೂವತ್ತು! ಹಗಲು ದರೋಡೆ ಕಣೋ ಇದು," ಎನ್ನುತ್ತ ಬೆರಿಲ್ ಕತ್ತರಿ ಎತ್ತಿಕೊಂಡಳು. ಆನ್‌ಲೈನ್ ಹರಾಜಿನಲ್ಲಿ ಹಿಡಿದಿದ್ದ ಟೀ ಪಾಟ್ ಆಗಷ್ಟೇ ಬಂದಿತ್ತು.

"ಮೊದಲು ಬಿಚ್ಚು ಮಾರಾಯ್ತಿ. ಒಡೆದಿದ್ರೆ ಅದಕ್ಕೂ ಸೇರಿಸಿ ಬೈಬಹುದು," ಎಂದ ಗಂಡ ಕ್ಲೈವ್, ದೂರು ಬರೆಯಲು ಫೋನ್ ಹಿಡಿದು.

ಪಾರ್ಸೆಲ್ ತಿರುಗಿಸಿದವಳ ಕೈ ಅಲ್ಲೇ ನಿಂತಿತು. ಟೇಪಿನ ಸುಳಿವೇ ಇಲ್ಲ. ದಪ್ಪ ಬಿಳಿ ಬಟ್ಟೆ ಸುತ್ತಿ, ಅಂಚಿನುದ್ದಕ್ಕೂ ಒತ್ತಾಗಿ ಕೈಹೊಲಿಗೆ ಹಾಕಿದ್ದರು. ಅವಳು ಚಿಕ್ಕವಳಿದ್ದಾಗ ಅಡಿಲೇಡ್ ನಗರದಿಂದ ಅಜ್ಜಿ ತವರಿನ ಕುರಿ ಫಾರ್ಮಿಗೆ ಕಳಿಸುತ್ತಿದ್ದ ಕ್ರಿಸ್‌ಮಸ್ ಕೇಕೂ ಹೀಗೇ ಬರುತ್ತಿತ್ತು. ಅಮ್ಮ ಯಾರಿಗೂ ಕತ್ತರಿ ಮುಟ್ಟಲು ಬಿಡುತ್ತಿರಲಿಲ್ಲ. ಪಾತ್ರೆ ಒರೆಸಲು ಬಟ್ಟೆ ಉಳಿಯಲೆಂದು ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದಳು; ಅಷ್ಟು ಹೊತ್ತೂ ಮಕ್ಕಳು ಬಾಯಲ್ಲಿ ನೀರೂರಿಸಿಕೊಂಡು ಸುತ್ತ ಕೂತಿರಬೇಕಿತ್ತು.

"ಏನಂತ ಬರೀಲಿ?"

ಬೆರಿಲ್ ಕತ್ತರಿ ಕೆಳಗಿಟ್ಟಳು. "ಆ ಫೋನ್ ಪಕ್ಕಕ್ಕಿಡು. ಒಂದು ಸೂಜಿ ತಂದು ಇಲ್ಲಿ ಕೂತ್ಕೋ."