ಗಂಟೆಗೆ ತೊಂಬತ್ತೆರಡು

ಡ್ರೈವಿಂಗ್ ಮೇಷ್ಟ್ರು ಫೋಟೋವನ್ನು ಮೂರನೆಯ ಸಲ ಜೇಬಿನಿಂದ ತೆಗೆದಾಗ ಕಾರು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಅವರು ಬ್ರೇಕ್ ಒತ್ತಿರಲಿಲ್ಲ. ಕಲಿಯಲು ಬಂದಿದ್ದ ದಂತವೈದ್ಯೆ ಕ್ಲಚ್ಚನ್ನು ಬೇಗ ಬಿಟ್ಟಿದ್ದರು.

"ನೀವು ಹೇಳ್ತೀರ ಅಂತ ಕಾಯ್ತಿದ್ದೆ ಮೇಷ್ಟ್ರೇ," ಎಂದರು ಆಕೆ. "ಹಲ್ಲು ಕೀಳುವಾಗ ನಾನು ಹೀಗೆ ಜೇಬು ತಡಕ್ತಾ ಕೂತ್ರೆ ನೀವು ಬಾಯಿ ತೆಗೀತೀರಾ?"

ಮೇಷ್ಟ್ರು ನಗಲಿಲ್ಲ. ಹದಿನೆಂಟು ವರ್ಷಗಳಿಂದ ಅವರ ಜಾಗ ಎಡಗಡೆಯ ಆಸನ. ಕಾಲಡಿಯಲ್ಲಿ ಅವರಿಗೆಂದೇ ಕೂರಿಸಿದ ಎರಡನೆಯ ಬ್ರೇಕು. ಸಾವಿರಕ್ಕೂ ಮಿಕ್ಕಿದ ಜನ ಅವರ ಬಲಕ್ಕೆ ಕೂತು ಕಲಿತು ಹೋಗಿದ್ದರು. "ನನ್ನ ಕೈಯಲ್ಲಿ ಕಲಿಯದೆ ಉಳಿದವಳು ಒಬ್ಬಳೇ, ನನ್ನ ಹೆಂಡತಿ" ಎಂಬುದು ಪ್ರತಿ ಹೊಸ ತಂಡಕ್ಕೂ ಅವರು ಹೇಳುವ ತಮಾಷೆ. ಮದುವೆಯ ಹೊಸತರಲ್ಲಿ ಹನ್ನೊಂದು ದಿನ ಹೇಳಿಕೊಟ್ಟಿದ್ದರು. ಹನ್ನೊಂದನೆಯ ದಿನ, ಬೈಗುಳದ ನಡುವೆಯೇ, ಅವಳು ಇಂಜಿನ್ ಆರಿಸಿ, ಇಳಿದು, ಮನೆಗೆ ನಡೆದುಕೊಂಡು ಹೋಗಿದ್ದಳು.

ಲಕೋಟೆ ಬೆಳಿಗ್ಗೆ ಬಂದಿತ್ತು. ಹೆಸರು ಹೆಂಡತಿಯದು, ಅಂಚೆಚೀಟಿ ಹೊರದೇಶದ್ದು. ಗಾಜಿನ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಅವಳನ್ನು ಕಂಪನಿ ಎರಡು ತಿಂಗಳ ಹಿಂದೆ ಹೊಸ ಯಂತ್ರ ನೋಡಿ ಬರಲು ಹದಿನೈದು ದಿನ ಅಲ್ಲಿಗೆ ಕಳಿಸಿತ್ತು. ಕಾಗದದ ಭಾಷೆ ಮೇಷ್ಟ್ರಿಗೆ ಬಾರದು. ಆದರೆ ಅಂಕಿಗಳನ್ನು ಓದಲು ಬರುತ್ತಿತ್ತು. ವೇಗದ ಮಿತಿ ಎಪ್ಪತ್ತು, ಓಡಿದ್ದು ತೊಂಬತ್ತೆರಡು. ತಾರೀಖನ್ನು ಕ್ಯಾಲೆಂಡರಿನಲ್ಲಿ ಹುಡುಕಿದರು. ಭಾನುವಾರ. ಭಾನುವಾರ ಯಾವ ಯಂತ್ರ?

ಕಾಗದದ ಜೊತೆಗೆ ರಸ್ತೆಯ ಕ್ಯಾಮೆರಾ ತೆಗೆದ ಫೋಟೋ ಇತ್ತು. ಮುಂದಿನಿಂದ ತೆಗೆದದ್ದು, ಆದ್ದರಿಂದ ನೋಡುವವನ ಬಲಕ್ಕೆ ಕಾಣುವುದು ಕಾರಿನ ಎಡ ಆಸನ. ಇದನ್ನು ಅವರು ಎರಡು ಸಲ ಲೆಕ್ಕ ಹಾಕಿ ಖಚಿತಪಡಿಸಿಕೊಂಡಿದ್ದರು. ಎಡ ಆಸನದಲ್ಲಿ ಹೆಂಡತಿ. ಬಲ ಆಸನದಲ್ಲಿ ಒಬ್ಬ ಗಂಡಸು. ಎದೆಯಿಂದ ಕೆಳಗೆಲ್ಲ ಗಾಜಿನ ಮೇಲಿನ ಬಿಸಿಲು, ಬರೀ ಬಿಳುಪು. ಅವನು ಬಲಗೈಯನ್ನು ಕಿಟಕಿಯ ಮೇಲಂಚಿಗೆ ಎತ್ತಿಟ್ಟಿದ್ದ. ಒಂದೇ ಕೈಯಲ್ಲಿ ಗಾಡಿ ಓಡಿಸುವ ಶೋಕಿಲಾಲ. ಹೆಂಡತಿ ನೇರ ಮುಂದೆ ನೋಡುತ್ತಾ ಬಾಯ್ತುಂಬ ನಗುತ್ತಿದ್ದಳು.

ಮತ್ತೆ ನೋಟೀಸು ಅವಳ ಹೆಸರಿಗೆ ಏಕೆ? ಕಾರನ್ನು ಬಾಡಿಗೆಗೆ ಹಿಡಿದವಳು ಅವಳೇ ಇರಬೇಕು. ಓಡಿಸುವ ಮಜಾ ಅವನಿಗೆ, ದಂಡದ ಹೊರೆ ಇವಳಿಗೆ. ಅಷ್ಟು ಸಲಿಗೆ.

ಪಾಠ ಮುಗಿಸಿ ಮೇಷ್ಟ್ರು ಅಕ್ಕನಿಗೆ ಫೋನ್ ಮಾಡಿದರು. "ಮಹಡಿ ಮೇಲಿನ ಕೋಣೆ ಖಾಲಿ ಇದೆಯೇನಕ್ಕ?"

"ಯಾಕೋ, ಯಾರಿಗೆ ಬೇಕಿತ್ತು?"

"ನನಗೇ."

ವಿಷಯ ಕೇಳಿ ಅಕ್ಕ ರೇಗಿದಳು. "ಫೋಟೋದಲ್ಲಿ ನಕ್ಕಳು ಅಂತ ಮನೆ ಬಿಡ್ತೀಯಾ?"

"ನನ್ನ ಪಕ್ಕ ಕೂತು ಒಂದು ದಿನವೂ ಹಾಗೆ ನಕ್ಕಿಲ್ಲ ಅವಳು."

"ನಿನ್ನ ಪಕ್ಕ ಕೂತರೆ ನಗು ಬರೋದುಂಟೇನೋ? ಮೊದಲು ಕೇಳು. ಗಂಟುಮೂಟೆ ಆಮೇಲೆ ಕಟ್ಟು."

ಮೇಷ್ಟ್ರು ಒಂದು ನಿಯಮ ಮಾಡಿಕೊಂಡರು. ಅವನು ಯಾರೆಂದು ಅವಳು ನೇರವಾಗಿ ಹೇಳಿದರೆ ಉಳಿಯುವುದು. ಮುಚ್ಚಿಟ್ಟರೆ ಈ ಸಂಜೆಯೇ ಹೊರಡುವುದು.

ಹೆಂಡತಿ ಆರು ಗಂಟೆಗೆ ಬಂದಳು. ಊಟದ ಮೇಜಿನ ಮೇಲೆ ಲಕೋಟೆ, ಫೋಟೋ, ಎದುರಿಗೆ ಕೈಕಟ್ಟಿ ಕೂತ ಗಂಡ. ಅವಳು ಕಾಗದಕ್ಕೆ ಫೋನು ಹಿಡಿದು ಅನುವಾದ ಓದಿ ತುಟಿ ಕಚ್ಚಿಕೊಂಡಳು.

"ಅಯ್ಯೋ, ಸಿಕ್ಕಿಬಿದ್ದೆ," ಎಂದಳು.

"ಇವನು ಯಾರು?"

"ನಮ್ಮ ಫ್ಯಾಕ್ಟರಿ ಎಲೆಕ್ಟ್ರಿಷಿಯನ್ ರೀ. ಜೊತೆಗೆ ಬಂದಿದ್ರು ಅಂದಿದ್ದೆನಲ್ಲ. ಭಾನುವಾರ ರಜೆ ಇತ್ತು, ಸಮುದ್ರ ನೋಡೋಕೆ ಹೋಗಿದ್ವಿ."

"ಅಷ್ಟು ವೇಗವಾಗಿ ಹೋಗೋ ಅವಸರ ಏನಿತ್ತು?"

ಅವಳು ಲಕೋಟೆಯಿಂದ ಒಂದು ಫಾರಮ್ಮು ಹೊರತೆಗೆದಳು. ಪೆನ್ನು ತೆಗೆದುಕೊಂಡಳು. "ಗಾಡಿ ಓಡಿಸಿದವರು ಯಾರು ಅಂತ ಮೂವತ್ತು ದಿನದೊಳಗೆ ಬರೆದು ಕಳಿಸಬೇಕಂತೆ."

"ಬರಿ. ಅವನ ಹೆಸರು ಹೇಗೆ ಬರೀತೀಯ ಅಂತ ನಾನೂ ನೋಡ್ತೀನಿ."

ಅವಳು ತನ್ನ ಹೆಸರು ಬರೆದಳು. ಒಂದೊಂದೇ ಅಕ್ಷರ, ಬಿಡಿಸಿ.

ಮೇಷ್ಟ್ರಿಗೆ ಕಿವಿ ಕಾದವು. ಅವನು ಯಾರೆಂದೇನೋ ಹೇಳಿದಳು, ಆದರೆ ಅವನ ತಪ್ಪನ್ನು ಮುಚ್ಚಿಟ್ಟು ತನ್ನ ತಲೆಗೇ ಕಟ್ಟಿಕೊಳ್ಳುತ್ತಿದ್ದಾಳೆ. ಅವರು ಎದ್ದು ಕಪಾಟಿನ ಮೇಲಿಂದ ಚೀಲ ಇಳಿಸಿದರು.

"ಎಲ್ಲಿಗೆ ರೀ?"

"ಅಕ್ಕನ ಮನೆಗೆ. ಅವನಿಗೋಸ್ಕರ ಸರ್ಕಾರಕ್ಕೇ ಸುಳ್ಳು ಬರೆಯುವವಳು ನನಗೆ ಏನೇನು ಹೇಳಿದೀಯೋ."

ಹೆಂಡತಿ ಅವರನ್ನು ನೋಡಿದಳು, ಫೋಟೋ ನೋಡಿದಳು, ಮತ್ತೆ ಅವರನ್ನು ನೋಡಿದಳು. ಫೋಟೋವನ್ನು ಅವರ ಕಡೆಗೆ ತಿರುಗಿಸಿದಳು.

"ಮೇಷ್ಟ್ರಾಗಿ ಇದು ಗೊತ್ತಾಗಲಿಲ್ವಾ? ಆ ದೇಶದಲ್ಲಿ ಸ್ಟೀರಿಂಗ್ ಎಡಗಡೆಗಿರುತ್ತೆ. ಇವರಿಗೆ ಗಾಡಿ ಓಡಿಸೋಕೇ ಬರಲ್ಲ. ಹೋಗ್ತಾ ಬರ್ತಾ ಕಿಟಕಿ ಮೇಲಿನ ಹಿಡಿಯನ್ನ ಬಿಟ್ಟವರಲ್ಲ, ಪಾಪ."

ಮೇಷ್ಟ್ರು ಫೋಟೋ ಎತ್ತಿಕೊಂಡರು. ಮೇಲಕ್ಕೆತ್ತಿದ್ದ ಆ ಕೈಯ ಗೆಣ್ಣುಗಳು ಬಿಳಿಚಿದ್ದವು. ಶೋಕಿಲಾಲನ ಕಣ್ಣುಗಳು ಗಟ್ಟಿಯಾಗಿ ಮುಚ್ಚಿದ್ದವು.

ಅವಳು ಪರ್ಸಿನಿಂದ ಒಂದು ಕಾರ್ಡು ತೆಗೆದು ಅದರ ನಂಬರನ್ನು ಫಾರಮ್ಮಿಗೆ ಇಳಿಸತೊಡಗಿದಳು. ಲೈಸೆನ್ಸು. ಮೇಲೆ ಅವಳ ಮುಖ, ಕೆಳಗೆ ಕೊಟ್ಟ ದಿನಾಂಕ. ನಾಲ್ಕು ವರ್ಷ ಹಿಂದಿನದು. ಅವಳು ಬರೆದು ಮುಗಿಸುವವರೆಗೂ ಮೇಷ್ಟ್ರ ಕಣ್ಣು ಆ ದಿನಾಂಕದ ಮೇಲಿಂದ ಕದಲಲಿಲ್ಲ.

ಪರಗಂಡಸಿನ ಪಕ್ಕ ಕೂತು ಸಮುದ್ರ ನೋಡಿ ಬಂದದ್ದನ್ನು ಅವರು ಆ ಕ್ಷಣವೇ ಮನ್ನಿಸಿಬಿಟ್ಟರು. ಚೀಲದ ಜಿಪ್ಪನ್ನು ಮಾತ್ರ ಸರ್ರನೆ ಕೊನೆಯವರೆಗೂ ಬಿಚ್ಚಿ, ಇಡೀ ದಿನದಲ್ಲಿ ಮೊದಲ ಬಾರಿಗೆ ನಡುಗುವ ದನಿಯಲ್ಲಿ ಕೇಳಿದರು:

"ನಿನಗೆ ಕಲಿಸಿದವನು ಯಾರು?"