ಕೌದಿ ಹೊದ್ದ ಗಾಡಿ

ಗರಡಿಮನೆಯ ಮಣ್ಣು ಹತ್ತು ಬುಟ್ಟಿಯಷ್ಟು ಕಡಿಮೆಯಾಗಿದ್ದು ಕುಸ್ತಿ ಕಲಿಸುವ ವಸ್ತಾದ ಆಬಾ ಅವರ ಕಣ್ಣಿಗೆ ಬಿತ್ತು. ಅರಿಸಿನ, ಮಜ್ಜಿಗೆ, ಎಳ್ಳೆಣ್ಣೆ ಹಾಕಿ ವರ್ಷಗಟ್ಟಲೆ ಹದ ಮಾಡಿದ ಕೆಮ್ಮಣ್ಣು ಅದು. ಕೊಲ್ಹಾಪುರದಲ್ಲಿ ಬೇರೇನು ಕದ್ದರೂ ಕ್ಷಮೆ ಉಂಟು, ಇದನ್ನು ಕದ್ದವರಿಗಿಲ್ಲ. ಉದುರಿದ ಮಣ್ಣಿನ ಜಾಡು ಹಿಡಿದು ಹಿಂದಿನ ಬಯಲಿಗೆ ಬಂದರೆ, ಕಳ್ಳಿ ಅಲ್ಲೇ ನಿಂತಿದ್ದಳು: ಸ್ವಂತ ಮೊಮ್ಮಗಳು ಕೇತಕಿ. ಪಕ್ಕದಲ್ಲಿ ಅವಳ ಮೋಟರ್ ಸೈಕಲ್ಲು, ವೆಲ್ಡಿಂಗ್ ಅಂಗಡಿಯ ಶೌಕತ್. ಕದ್ದ ಮಾಲು ನೆಲದ ಮೇಲೆ ಹಾಸಿಗೆಯಂತೆ ಹರಡಿತ್ತು.

"ಏನ ಪೋರಿ, ನನ್ನ ಮಣ್ಣ ಇಲ್ಲಿಗೆ ಹೆಂಗ ಬಂತು?"

"ಕಲಿಯೂ ಮುಂದ ಗಾಡಿ ಬಿದ್ದರ ಮೆತ್ತಗ ಬೀಳಲಿ ಅಂತ, ಆಬಾ."

"ಈಗ ಎಷ್ಟ ಸಲ ಬಿದ್ದೈತಿ?"

"ಒಮ್ಮಿನೂ ಬಿದ್ದಿಲ್ಲ," ಎಂದಳು ಕೇತಕಿ, ಹೆಮ್ಮೆಯಿಂದ.

ಶೌಕತ್ ಕಿಸಕ್ಕನೆ ನಕ್ಕ. "ಬೀಳಾಕ ಮೊದಲ ಅದು ಏಳಬೇಕಲ್ರಿ. ಮುಂದಿನ ಗಾಲಿ ಒಂದ ಗೇಣ ಎದ್ದರ ಸಾಕು, ಹಾವ ತುಳಿದವರಂಗ ಬ್ರೇಕ್ ಒತ್ತತಾಳ."

ಗಾಡಿಯ ವೇಷ ನೋಡಿ ಆಬಾಗೂ ನಗು ತಡೆಯಲಾಗಲಿಲ್ಲ. ಇಂಜಿನ್ನಿನ ಎರಡೂ ಮಗ್ಗುಲಿಗೆ ಶೌಕತ್ ಬೆಸೆದ ಕಬ್ಬಿಣದ ಪಂಜರ. ಹಿಂದೆ, ಗಾಡಿ ಮಗುಚದಂತೆ ನೆಲಕ್ಕೆ ತಾಗಿ ತಡೆಯುವ ದಪ್ಪ ಸರಳು. ಕನ್ನಡಿ, ಇಂಡಿಕೇಟರುಗಳನ್ನು ಬಿಚ್ಚಿಟ್ಟಾಗಿತ್ತು. ಬೇರೆಯವರಿಗೆ ಅಷ್ಟು ಸಾಕು, ಕೇತಕಿಗೆ ಸಾಲದು. ಹಿಡಿಕೆಯ ತುದಿಗಳಿಗೆ ಟೆನಿಸ್ ಚೆಂಡು, ಪಂಜರದ ಮೇಲೆ ಹಳೆ ಟೈರಿನ ತುಂಡು, ಟ್ಯಾಂಕಿಗೆ ಅಜ್ಜಿ ಹೊಲಿದ ಕೌದಿ. ಬಾಣಂತಿಗೆ ಗಾಳಿ ಸೋಕದ ಹಾಗೆ ಸುತ್ತಿಟ್ಟಿದ್ದಳು. ಹಾಲಿನ ಡೇರಿಯಲ್ಲಿ ಮೂರು ವರ್ಷ ದುಡಿದು ಕೊಂಡ ಗಾಡಿ. ಅದರ ಮೇಲೆ ನೊಣ ಕೂತರೂ ಅವಳಿಗೆ ಸಂಕಟ.

ಆದರೆ ಭಾನುವಾರ ಪುಣೆಯ ಸ್ಟಂಟ್ ತಂಡದವರು ಹೊಸಬರನ್ನು ಆರಿಸಲು ಬರುವವರಿದ್ದರು. ಮುಂದಿನ ಗಾಲಿ ಎತ್ತಿ ಇಪ್ಪತ್ತು ಮಾರು ಓಡಿಸಿದವರಿಗೆ ಮಾತ್ರ ಜಾಗ. ಇವತ್ತು ಆಗಲೇ ಶುಕ್ರವಾರ. ಆ ತಂಡಕ್ಕೆ ಸೇರಬೇಕೆಂದು ಕೇತಕಿ ತಿಂಗಳಿಂದ ಬೆಳಗಿನ ಪಾಳಿ ಮುಗಿಸಿದವಳೇ ಊಟ ಬಿಟ್ಟು ಇಲ್ಲಿಗೆ ಓಡಿ ಬರುತ್ತಿದ್ದಳು. ಬಂದು, ಒಂದು ಗೇಣು ಎತ್ತಿ, ಇಳಿಸಿ, ಗಾಡಿ ಒರೆಸಿ ಮನೆಗೆ ಹೋಗುತ್ತಿದ್ದಳು.

"ನನ್ನ ಪಂಜರದ ಮ್ಯಾಲ ನಂಬಿಗಿ ಇಲ್ಲ ಇಕಿಗೆ," ಎಂದು ಶೌಕತ್ ದೂರು ಕೊಟ್ಟ. "ಪಂಚಗಂಗಾ ಘಾಟಿನ ಮೆಟ್ಟಿಲ ಮ್ಯಾಲಿಂದ ಉರುಳಿಸಿದರೂ ಏನೂ ಆಗಂಗಿಲ್ರಿ. ಒಮ್ಮೆ ಕೆಡವಿ ನೋಡೂಣು ಅಂದರ ಮೈಮ್ಯಾಲ ಬರತಾಳ."

"ನಿನ್ನ ಗಾಡಿ ಕೆಡವು, ಯಾರ ಬ್ಯಾಡ ಅಂತಾರ?" ಎಂದಳು ಕೇತಕಿ.

ಆಬಾ ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿದರು. "ಮೊದಲ ಇದನ್ನ ನನ್ನ ಮಣ್ಣಿಂದ ಕೆಳಗ ಇಳಸು." ಶೌಕತ್ ಗಾಡಿಯನ್ನು ತಳ್ಳಿ ಗಟ್ಟಿ ನೆಲದ ಮೇಲೆ ನಿಲ್ಲಿಸಿದ. ಆಬಾ ಅದರ ಮಗ್ಗುಲಿಗೆ ಹೋಗಿ, ಕೌದಿಯ ಮೇಲೆ ಅಕ್ಕರೆಯಿಂದ ಕೈ ಇಟ್ಟು ಕೇಳಿದರು:

"ಗರಡಿಗೆ ಹೊಸ ಹುಡುಗ ಬಂದರ ಮೊದಲನೇ ದಿನ ನಾ ಏನ್ ಮಾಡತೇನಿ?"

"ಎತ್ತಿ ಒಗೀತೀರಿ."

"ಯಾಕ?"

"ಬೀಳೂ ಅಂಜಿಕಿ ಬಿಡಲಿ ಅಂ..." ಕೇತಕಿಗೆ ಹೊಳೆಯಿತು. ಆದರೆ ಅಷ್ಟರಲ್ಲಿ ಎಪ್ಪತ್ತೆರಡು ವರ್ಷದ ಭುಜ ಗಾಡಿಗೆ ತಾಗಿಯಾಗಿತ್ತು. ಧಡಲ್ಲನೆ ಅದು ಬಲಮಗ್ಗುಲಿಗೆ ಉರುಳಿತು.

ಕೇತಕಿ ಕಿರುಚಿದ್ದು ಬೀದಿಯ ತುದಿಯ ಮಿಸಳ್ ತಿಂಡಿ ಅಂಗಡಿಯವರೆಗೂ ಕೇಳಿರಬೇಕು. ಓಡಿಹೋಗಿ, ಮಂಡಿಯೂರಿ, ಕೌದಿ ಕಿತ್ತು ಟ್ಯಾಂಕನ್ನು ತಡವಿದಳು. ಎಲ್ಲೂ ತಗ್ಗು ಬಿದ್ದಿರಲಿಲ್ಲ. ಪಂಜರ ತರಚಿತ್ತು, ಒಂದು ಚೆಂಡು ಒಡೆದಿತ್ತು. ಸೈಲೆನ್ಸರಿನ ಮೇಲೆ ಮಾತ್ರ ಬೆರಳುದ್ದದ ಒಂದು ಗೀರು. ಅದನ್ನು ನೋಡಿ ಅವಳಿಗೆ ಅಳುವೇ ಬಂತು.

"ಒಂದ ಬೆಸುಗಿ ಸೈತ ಬಿಟ್ಟಿಲ್ಲ, ನೋಡ್ರಿ!" ಶೌಕತ್‌ಗೆ ಹಬ್ಬ.

"ಬೀಳೂದು ಮುಗೀತು," ಎಂದರು ಆಬಾ. "ಇನ್ನ ಗಾಡಿ ಹತ್ತು."

ಕೇತಕಿ ಕಣ್ಣೊರೆಸಿಕೊಂಡು ಎದ್ದಳು. ಶೌಕತ್‌ನ ಕೈ ತಳ್ಳಿ ಗಾಡಿಯನ್ನು ತಾನೇ ಎತ್ತಿ ನಿಲ್ಲಿಸಿದಳು. ಉಳಿದ ಚೆಂಡನ್ನು ಕಿತ್ತೆಸೆದಳು, ಕೌದಿಯನ್ನು ಅಜ್ಜನ ಹೆಗಲಿಗೆ ಒಗೆದಳು. ಮಂಡಿಪಟ್ಟಿ ಬಿಗಿದು, ಹೆಲ್ಮೆಟ್ ಹಾಕಿ ಹತ್ತಿದಳು. ಸಿಟ್ಟೆಲ್ಲ ಬಲಗೈಗೆ ಇಳಿಯಿತು. ಮುಂದಿನ ಗಾಲಿ ಗೇಣು ದಾಟಿತು, ಮೊಳ ದಾಟಿತು, ಆಳೆತ್ತರಕ್ಕೆ ಎದ್ದಿತು. ಹಿಂದಿನ ಸರಳು ನೆಲದ ಕಲ್ಲಿಗೆ ಉಜ್ಜಿ ಕಿಡಿ ಹಾರಿತು. ಗಾಡಿ ಹಾಗೇ ಓಡಿತು, ಓಡಿತು, ಆಮೇಲೆ ಒಮ್ಮೆಲೇ ಓಲಾಡಿ ತಾನೊಂದು ಕಡೆ ಬಿತ್ತು, ಅವಳೊಂದು ಕಡೆ ಬಿದ್ದಳು.

ಧೂಳಿನಲ್ಲಿ ಏನೂ ಕಾಣಲಿಲ್ಲ. ತಾವು ಮಾಡಿದ್ದು ತಪ್ಪಾಯಿತೇನೋ ಎಂದು ಅಂಜಿ ಆಬಾ ಕೌದಿ ಹಿಡಿದುಕೊಂಡೇ ಅವಳತ್ತ ಓಡಿದರು. ಶೌಕತ್ ಗಾಡಿಯತ್ತ ಓಡಿದ.

"ಟ್ಯಾಂಕಿಗೆ ಏನೂ ಆಗಿಲ್ಲ, ಕೇತಕಿ!" ಅವನು ಅಲ್ಲಿಂದಲೇ ಕೂಗಿದ. "ಹಿಡಿಕಿ ಅಷ್ಟ ಸ್ವಲ್ಪ ಬಾಗೇತಿ, ಮತ್ತ ಈ ಕಡೆ ಒಂದ ಗೀರು..."

ಕೇತಕಿ ಎದ್ದು ಕೂತು ಬಾಯೊಳಗಿನ ಮಣ್ಣು ಉಗುಳಿದಳು.

"ಅದು ಸಾಯಲಿ ಬಿಡೋ ಶೌಕ್ಯಾ! ಎಷ್ಟ ಮಾರು ಹೋತು, ಅಳದಿ ಏನ?"